ಹಳೆಯ ಕಾರು ಮತ್ತು ಮಲೆನಾಡಿನ ತೇವ

ಬೆಳಗಾವಿಯಿಂದ ಖಾನಾಪುರದತ್ತ ಸಾಗಿದಂತೆ ಮಳೆ ಹೆಚ್ಚುತ್ತದೆ. ಅಂತಹ ಪ್ರದೇಶದಲ್ಲಿ ಹಲವು ವರ್ಷ ನಿಂತಿದ್ದ ಅಪರೂಪದ ಕಾರನ್ನು ಕೊಂಡು ಮತ್ತೆ ಓಡಿಸಬಯಸುವವರು ಮೊದಲು ಏನನ್ನು ಪರೀಕ್ಷಿಸಬೇಕು?

ನೆರೆಯ ಗೋವೆಯಲ್ಲಿ ತಯಾರಾಗಿ 1998ರಲ್ಲಿ ಹೊರಬಂದ ಎರಡು ಆಸನಗಳ 'ಸ್ಯಾನ್ ಸ್ಟಾರ್ಮ್' ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಎಂಜಿನು 1149 ಘನ ಸೆಂಟಿಮೀಟರಿನ ರೆನೋ, ಹೊರಮೈ ಫೈಬರ್‌ಗ್ಲಾಸಿನದು. ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯದು, ತೊಳೆದೊಡನೆ ಹೊಳೆಯುತ್ತದೆ. ಆ ಹೊಳಪನ್ನು ನಂಬಿದರೆ ಮೋಸಹೋಗುತ್ತೇವೆ. ಒಳಗಿನ ಉಕ್ಕಿಗೆ ಆ ರಕ್ಷಣೆಯಿಲ್ಲ.

ತುಕ್ಕಿಗೆ ನೀರು, ಆಮ್ಲಜನಕ ಎರಡೂ ಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 60ನ್ನು ಮೀರಿದರೆ, ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂಡಿ ಕ್ರಿಯೆ ಚುರುಕಾಗುತ್ತದೆ. ಹುಟ್ಟಿದ ತುಕ್ಕು ಕರಗಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆದುದರಿಂದಲೇ ಬೋಲ್ಟುಗಳೂ ಪಿಸ್ಟನ್ನಿನ ಉಂಗುರಗಳೂ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ. ಬಲವಂತವಾಗಿ ತಿರುಗಿಸಿದರೆ ಮುರಿಯುತ್ತವೆ. ತಯಾರಿಕೆ ನಿಂತ ಕಾರಿಗೆ ಬಿಡಿಭಾಗ ದೊರೆಯುವುದು ಕಷ್ಟ. ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಬೇಕು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಅದು ತಾನಾಗಿಯೇ ಕಿರಿದಾದ ಸಂದಿಗಳನ್ನು ಸೇರಿ ಹಿಡಿತವನ್ನು ಸಡಿಲಿಸುತ್ತದೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳದು. ಸಾಮಾನ್ಯ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಆಗ ಅದರ ಕುದಿಬಿಂದು ಇಳಿಯುತ್ತದೆ. ಗೋವೆಯ ಕಡೆಗೆ ಘಟ್ಟ ಇಳಿಯುವಾಗ ಬ್ರೇಕುಗಳು ಕಾದು ದ್ರವ ಕುದಿದರೆ, ಕೊಳವೆಯಲ್ಲಿ ಆವಿಯ ಗುಳ್ಳೆಗಳು ತುಂಬುತ್ತವೆ. ದ್ರವದಂತಲ್ಲದೆ ಆವಿ ಒತ್ತಿದರೆ ಕುಗ್ಗುತ್ತದೆ. ಪೆಡಲು ತಳ ಮುಟ್ಟಿದರೂ ಚಕ್ರ ನಿಲ್ಲದು.

ಆದಕಾರಣ ಬಣ್ಣಕ್ಕೆ ಮುನ್ನ ಬ್ರೇಕಿಗೆ ಹಣ ತೆಗೆದಿಡುವುದೇ ವಿವೇಕ.