ನಿಮಗಿದು ಗೊತ್ತೆ? ಇರುವೆ ಗೂಡಲ್ಲಿ ಮರಕುಟಿಗನ ಬಾಣಂತನ

ಹಿತ್ತಲ ತೆಂಗಿನ ಮರದಲ್ಲಿ ‘ಟಕ್ ಟಕ್’ ಸದ್ದು ಕೇಳಿದರೆ ಮೆಲ್ಲನೆ ಹೋಗಿ ನೋಡಿ. ಹೊಂಬಣ್ಣದ ಬೆನ್ನು, ಕೆಂಪು ಜುಟ್ಟಿನ ಮರಕುಟಿಗ ಕಾಂಡವನ್ನು ಅವುಚಿ ಕೂತಿರುತ್ತದೆ. ಕಾಲಿನ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ; ಗಡುಸಾದ ಬಾಲದ ಗರಿಗಳೇ ಊರುಗೋಲು. ನಾಲಿಗೆಗೆ ಆಧಾರವಾದ ಎಲುಬು ತಲೆಬುರುಡೆಯ ಹಿಂಬದಿಯನ್ನು ಸುತ್ತಿ ಬರುವುದರಿಂದ, ತೊಗಟೆಯಾಳದ ಹುಳುವೂ ಅದಕ್ಕೆ ಎಟಕುತ್ತದೆ.

ಇನ್ನೂ ಅಚ್ಚರಿ ಹುಟ್ಟಿಸುವುದು ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕಾಣುವ ಕಂದು ಮರಕುಟಿಗ. ಅದು ಮೊಟ್ಟೆಯಿಟ್ಟು ಮರಿ ಮಾಡುವುದು ಮರದ ಮೇಲಿನ ಇರುವೆ ಗೂಡನ್ನು ಕೊರೆದು, ಅದರೊಳಗೇ! ಇರುವೆಗಳೇ ಅದರ ಮುಖ್ಯ ಆಹಾರವೆಂಬುದು ಮತ್ತೂ ಸೋಜಿಗ.

ಮರಕುಟಿಗಗಳು ಬಿಟ್ಟುಹೋದ ಪೊಟರೆಗಳಲ್ಲಿ ಗಿಳಿ, ಮೈನಾ, ಮಡಿವಾಳ ಹಕ್ಕಿಗಳು ಸಂಸಾರ ಹೂಡುತ್ತವೆ. ಮನೆಗೆ ಅಪಾಯವಿಲ್ಲದಿದ್ದರೆ ಹಿತ್ತಲಿನ ಒಣಮರವನ್ನು ದಯವಿಟ್ಟು ಕಡಿಯಬೇಡಿ.