ಕನ್ಹಾನ್ ದಂಡೆಯ ಕೊಳವಳಿಕೆ

ಮಳೆಗಾಲ ಮುಗಿದು ನೀರು ಇಳಿಯತೊಡಗಿದರೆ ನಾಗಪುರ ಸೀಮೆಯ ಹೊಳೆ, ಕೆರೆಗಳ ಕೆಸರಂಚಿನಲ್ಲಿ ನೀಲಿ-ನೇರಳೆ ಹೂವಿನ ಮುಳ್ಳುಗಿಡ ಎದ್ದು ಕಾಣುತ್ತದೆ. ಅಲ್ಲಿನವರ ಬಾಯಲ್ಲಿ ಅದು ತಾಲೀಮ್‌ಖಾನಾ. ನಮ್ಮ ಕೆರೆಗಳ ಅಂಚಿನ ಕೊಳವಳಿಕೆಯೂ ಇದೇ, ಆಯುರ್ವೇದದ ಕೋಕಿಲಾಕ್ಷವೂ ಇದೇ. ಮಾನ್ಯಖೇಟದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ದೇವಳಿ ತಾಮ್ರಪಟ (ಕ್ರಿ.ಶ. 940) ನಾಗಪುರ-ನಂದಿವರ್ಧನವನ್ನು ಹೆಸರಿಸುತ್ತದೆ. ಹಾಗಾಗಿ ಕನ್ನಡಿಗರಿಗೆ ಆ ಸೀಮೆ ಪೂರ್ತಿ ಹೊರಗಿನದಲ್ಲ. ಗಿಡವಂತೂ ಅಲ್ಲವೇ ಅಲ್ಲ.

ಕಾಂಡದ ಗೆಣ್ಣುಗೆಣ್ಣಿಗೂ ಎಲೆಗಳ ಸುತ್ತು, ಎಲೆಯ ಕಂಕುಳಲ್ಲಿ ಹಳದಿ ಛಾಯೆಯ ಗಟ್ಟಿ ಮುಳ್ಳು, ನಡುವೆ ಜೋಡಿಜೋಡಿಯಾಗಿ ಹೂ. ಮೇಯುವ ದನ ಮೂತಿ ಹಾಕಲು ಹಿಂಜರಿಯುತ್ತದೆ. ಚಿಟ್ಟೆಗೆ ಮುಳ್ಳಿನ ಲೆಕ್ಕವಿಲ್ಲ: ರೆಕ್ಕೆಯಲ್ಲಿ ನವಿಲುಗಣ್ಣಿರುವ ಪೀಕಾಕ್ ಪ್ಯಾನ್ಸಿಯ ಮರಿಹುಳಕ್ಕೆ ಇದರ ಎಲೆಯೇ ಊಟ. ಬಂಗಾಳದಲ್ಲಿ ಕುಲೇಖಾಡಾ ಎಂದು ಕರೆದು ಎಳೆ ಎಲೆಯನ್ನು ಸೊಪ್ಪಿನಂತೆ ಬೇಯಿಸಿ ತಿನ್ನುತ್ತಾರೆ. ರಕ್ತಹೀನತೆಗೆ ಒಳ್ಳೆಯದೆಂಬ ನಂಬಿಕೆ.

ಆದರೆ ಪೇಟೆಗೆ ಬರುವುದು ಬೀಜ. ಚಪ್ಪಟೆ, ಕಂದು, ಎಳ್ಳಿನಷ್ಟು ಸಣ್ಣದು. ಒಣಗಿದ್ದಾಗ ಏನೂ ವಿಶೇಷವಿಲ್ಲ. ನೀರು ಸೋಕಿತೋ, ಕಾಮಕಸ್ತೂರಿ ಬೀಜದಂತೆ ಮೈತುಂಬ ಲೋಳೆ ಹೊದ್ದುಕೊಳ್ಳುತ್ತದೆ. ಹಾಗೇ ಬಾಯಿಗೆ ಹಾಕಿಕೊಂಡರೆ ನಾಲಿಗೆಗೂ ಅಂಗುಳಕ್ಕೂ ಅಂಟಿ ಬಿಡುವುದೇ ಇಲ್ಲ, ನೆನೆಸಿಯೇ ತಿನ್ನಬೇಕು. ಗಿಡಕ್ಕೆ ಬೇಕಾದದ್ದೂ ಈ ಅಂಟೇ. ಒಣಗಿದ ಕಾಯಿ ಸಿಡಿದಾಗ ಒಳಗಿನ ಪುಟ್ಟ ಕೊಕ್ಕೆಗಳು ಬೀಜವನ್ನು ಚಿಮ್ಮಿಸುತ್ತವೆ, ಹಸಿ ಮಣ್ಣಿಗೆ ಬಿದ್ದ ಬೀಜ ಅಲ್ಲೇ ಹಿಡಿದು ಕೂರುತ್ತದೆ. ಮನುಷ್ಯ ಆ ಲೋಳೆಯನ್ನೇ ಹಾಲು, ಸಕ್ಕರೆಯ ಜೊತೆ ಪುಷ್ಟಿಗೆಂದು ಸೇವಿಸುತ್ತಾನೆ. ಗಂಡಸರ ಶಕ್ತಿಯ ಹೆಸರಿನಲ್ಲಿ ಮಾರುವ ಪುಡಿಗಳಲ್ಲೂ ಇದು ಸೇರಿರುತ್ತದೆ. ಡಬ್ಬಿಯ ಮೇಲಿನ ಮಾತನ್ನೆಲ್ಲ ನಾನಂತೂ ನಂಬಲಾರೆ. ಹೆಸರು ಹತ್ತಿರವೆನಿಸಿದರೂ ಉಪವಾಸಕ್ಕೆ ಹುರಿದು ತಿನ್ನುವ ಮಖಾನಾ ಬೇರೆಯೇ ಗಿಡದ್ದು, ಅಂಗಡಿಯಲ್ಲಿ ಬಿಡಿಸಿ ಕೇಳಬೇಕು.

ಏರುವ, ಇಳಿಯುವ ನೀರಿನ ನಡುವಿನ ಮಣ್ಣಿನ ಪಟ್ಟಿಯೇ ಈ ಗಿಡದ ಜಾಗ. ಊರಿಗೆ ಹೆಸರು ಕೊಟ್ಟ ನಾಗ್ ನದಿಗೆ ಪಟ್ಟಣದೊಳಗೆ ಅಂಥ ಪಟ್ಟಿ ಉಳಿದಿರುವುದು ಕಡಿಮೆ, ಇಕ್ಕೆಲಗಳಲ್ಲೂ ಗೋಡೆ. ಮಣ್ಣಿನ ದಂಡೆ ಉಳಿದ ಕಡೆಯೂ ಹರಿಯುವುದು ಹೆಚ್ಚಾಗಿ ಊರಿನ ಕೊಳಚೆ. ಅದು ಕನ್ಹಾನ್ ನದಿ ಸೇರಿ, ವೈನ್‌ಗಂಗೆಯ ಮೂಲಕ ಗೋಸೀಖುರ್ದ್ ಜಲಾಶಯದವರೆಗೂ ಹೋಗುತ್ತದೆ. ಬೀಜ ಬೇಕಾದವರು ನಾಗ್ ಸೇರುವುದಕ್ಕಿಂತ ಮೇಲಿನ ಕನ್ಹಾನ್, ಪೇಂಚ್ ನದಿಗಳ ದಂಡೆಗಳಲ್ಲಿ ಹುಡುಕುವುದು ಲೇಸು. ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡಿರಲಿ.