‘ಕಲೆ’ ತೊಳೆದು ಕೆಟ್ಟವನ ಕಥೆ!

ಕಲೆಗಾಗಿ ಕೆಟ್ಟವರನ್ನು ನೀವು ಬೇಕಾದಷ್ಟು ಕಂಡಿದ್ದೀರಿ, ಓದುಗ ಮಿತ್ರರೇ. ಕಲೆ ತೊಳೆದು ಕೆಟ್ಟವನು ಮಾತ್ರ ಗಾಂಧಿನಗರದಲ್ಲಿ ನಾನೊಬ್ಬನೇ ಇರಬೇಕು!

ನಾಟಕಗಳಿಗೆ ಬಟ್ಟೆ ಹೊಲಿದುಕೊಂಡಿದ್ದ ನಾನು ಸಿನಿಮಾಕ್ಕೆ ಕಾಲಿಟ್ಟ ಹೊಸತು. ನಾಯಕನಿಗೂ ಖಳನಿಗೂ ಹೊಡೆದಾಟ. ಅರ್ಧ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿ ಪ್ಯಾಕಪ್ ಆಯ್ತು. ನಾಯಕ ಬಿಚ್ಚಿಕೊಟ್ಟ ಬಿಳಿ ಅಂಗಿಯ ತುಂಬ ಕೆಂಪು ಬಣ್ಣ, ಮಣ್ಣು. ನಾನು ಹೇಳಿ ಕೇಳಿ ದರ್ಜಿಯ ಮಗ. ಕೊಳೆ ಬಟ್ಟೆ ಕಂಡರೆ ಕೈ ಸುಮ್ಮನಿರುತ್ತದೆಯೇ? ರಾತ್ರಿಯೆಲ್ಲ ಕೂತು ಸೋಪು ಹಾಕಿ ತಿಕ್ಕಿದೆ, ನೀಲಿ ಹಾಕಿ ಹಿಂಡಿದೆ, ಗರಿಗರಿಯಾಗಿ ಇಸ್ತ್ರಿ ಮಾಡಿದೆ. ಬೆಳಿಗ್ಗೆ ಆರಕ್ಕೇ ಅಂಗಿ ಹಿಡಿದು ನಿಂತೆ, ಶಹಭಾಸ್ ಅಂತಾರೆ ಅಂತ!

ನಿರ್ದೇಶಕರು ಅಂಗಿ ನೋಡಿದರು, ನನ್ನನ್ನು ನೋಡಿದರು. “ನಿನ್ನೆ ಚೂರಿ ಏಟು ತಿಂದೋನು ಇವತ್ತು ಮದುವೆಗೆ ಹೊರಟಿದಾನೇನಯ್ಯಾ?”

ಯೂನಿಟ್ಟೆಲ್ಲ ಬಿದ್ದು ಬಿದ್ದು ನಕ್ಕಿತು. ನಿರ್ಮಾಪಕರೊಬ್ಬರು ನಗಲಿಲ್ಲ. ಇದ್ದದ್ದು ಅದೊಂದೇ ಅಂಗಿ. ಕಲೆ ಎಲ್ಲಿತ್ತು, ಎಷ್ಟಗಲ ಇತ್ತು, ಎಡಗಡೆಯೋ ಬಲಗಡೆಯೋ, ಯಾರ ಬಳಿಯೂ ಗುರುತಿಲ್ಲ, ಫೋಟೋ ಇಲ್ಲ. ಅರ್ಧ ದಿನದ ಚಿತ್ರೀಕರಣ ಮಣ್ಣುಪಾಲು. ಆ ಚಿತ್ರದ ಸಂಬಳ ನನಗೆ ಬರಲಿಲ್ಲ, ಟೈಟಲ್ ಕಾರ್ಡಿನಲ್ಲಿ ಹೆಸರೂ ಬರಲಿಲ್ಲ.

ಇದನ್ನೆಲ್ಲ ಈಗ ಯಾಕೆ ನೆನೆಸಿಕೊಂಡೆ ಅಂದರೆ, ಹೋದ ತಿಂಗಳು ದಾವಣಗೆರೆಯಿಂದ ಒಬ್ಬ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಕಂಕುಳಲ್ಲಿ ದಪ್ಪನೆಯ ಫೈಲು. “ಸಾರ್, ಕಾಸ್ಟ್ಯೂಮ್ ಡಿಸೈನರ್ ಆಗ್ಬೇಕು. ಅಪ್ಪ ಒಂದು ವರ್ಷ ಟೈಮ್ ಕೊಟ್ಟಿದಾರೆ. ಅಷ್ಟರಲ್ಲಿ ಏನೂ ಆಗದಿದ್ರೆ ಅವರು ನೋಡಿರೋ ಗಂಡು...” ಮಾತು ಮುಗಿಸಲಿಲ್ಲ.

ಫೈಲು ಬಿಚ್ಚಿದೆ. ಕೈ ಚೆನ್ನಾಗಿದೆ. ಆದರೆ ಪುಟ ತಿರುವಿದಷ್ಟೂ ನಾಯಕಿ, ನಾಯಕಿ, ನಾಯಕಿ! ಲೆಹಂಗಾ, ಜರಿ, ಮಣಿ ಕೆಲಸ. “ಕಥೆಯಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಬಂದ್ರೆ ಅವನಿಗೆ ಯಾರಮ್ಮ ಬಟ್ಟೆ ಹಾಕೋರು?” ಅಂದೆ. ಪೆಚ್ಚಾದಳು, ಪಾಪ.

ನೋಡಿ, ಬಟ್ಟೆ ಚೆಂದ ಕಾಣಿಸುವುದು ಈ ಕಸುಬಿನ ಕಾಲುಭಾಗ. ಸಿನಿಮಾದಲ್ಲಿ ಅರವತ್ತನೇ ದೃಶ್ಯವನ್ನು ಇವತ್ತು ತೆಗೆದು, ಹನ್ನೆರಡನೆಯದನ್ನು ಮುಂದಿನ ತಿಂಗಳು ತೆಗೆಯುತ್ತಾರೆ. ಯಾವ ದೃಶ್ಯಕ್ಕೆ ಯಾರು ಏನು ತೊಟ್ಟಿದ್ದರು, ತೋಳು ಮಡಿಚಿತ್ತೋ ಇಳಿಬಿದ್ದಿತ್ತೋ, ಮೇಲಿನ ಗುಂಡಿ ಹಾಕಿತ್ತೋ ಇಲ್ಲವೋ, ಎಲ್ಲವೂ ಪುಸ್ತಕದಲ್ಲಿರಬೇಕು. ಮಳೆ, ಹೊಡೆದಾಟ ಇದ್ದರೆ ಒಂದೇ ಥರದ ಅಂಗಿ ಮೂರು ನಾಲ್ಕು ಬೇಕು. ಅಚ್ಚಬಿಳಿ ಬಟ್ಟೆ ದೀಪದ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಅದಕ್ಕೆ ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸುತ್ತೇವೆ. ತೀರಾ ಸಣ್ಣ ಗೆರೆಯ ಬಟ್ಟೆ ಕ್ಯಾಮೆರಾ ಮುಂದೆ ಮಿಣಮಿಣ ಅಂತ ನಡುಗುತ್ತದೆ. ಬಡ ರೈತನ ಅಂಗಿ ಬೇಕೇ? ಚಿಕ್ಕಪೇಟೆಯಿಂದ ತಂದ ಹೊಸ ಬಟ್ಟೆಯ ಕಾಲರಿಗೆ ಉಪ್ಪುಕಾಗದ ತಿಕ್ಕಿ, ಜೇಬಿಗೆ ಕಲ್ಲು ತುಂಬಿ ನಾಲ್ಕು ದಿನ ನೇತುಹಾಕಬೇಕು. ಹೊಸದನ್ನು ಹಳೆಯದು ಮಾಡುವಷ್ಟು ಕಷ್ಟ ಹಳೆಯದನ್ನು ಹೊಸದು ಮಾಡುವುದರಲ್ಲಿಲ್ಲ!

ರಂಗಭೂಮಿಯ ಲೆಕ್ಕವೇ ಬೇರೆ. ಅಲ್ಲಿ ಕೊನೆಯ ಸಾಲಿನವನಿಗೂ ಅಂಚು ಎದ್ದು ಕಾಣಬೇಕು. ಪಕ್ಕದ ಪರದೆಯ ಕತ್ತಲಲ್ಲಿ ಒಂದೇ ನಿಮಿಷದಲ್ಲಿ ದೊರೆ ಭಿಕ್ಷುಕನಾಗಬೇಕು. ಅದಕ್ಕೆಂದೇ ಎದುರಿಗೆ ಗುಂಡಿ ತೋರಿಸಿ ಹಿಂದೆ ಹುಕ್ಕು ಇಡುತ್ತೇವೆ. ಅಲ್ಲಿ ಹುಕ್ಕು ಕಿತ್ತರೆ ‘ಕಟ್’ ಅನ್ನುವವರು ಯಾರೂ ಇಲ್ಲ!

ಈ ಕಸುಬಿಗೆ ಮನ್ನಣೆ ಸಿಕ್ಕಿದ್ದೂ ತಡವಾಗಿ. ರಾಷ್ಟ್ರಪ್ರಶಸ್ತಿಗಳು ಶುರುವಾದದ್ದು 1954ರಲ್ಲಿ. ವಸ್ತ್ರವಿನ್ಯಾಸಕ್ಕೆ ಅಂತ ಒಂದು ಪ್ರಶಸ್ತಿ ಬಂದದ್ದು 1984ರ ಚಿತ್ರಗಳಿಂದ. ಅಷ್ಟರೊಳಗೆ ಕೊಲ್ಹಾಪುರದ ಹೆಣ್ಣುಮಗಳು ಭಾನು ಅಥಯ್ಯಾ 1983ರಲ್ಲಿ ಆಸ್ಕರನ್ನೇ ಗೆದ್ದಾಗಿತ್ತು! ‘ಗಾಂಧಿ’ ಚಿತ್ರಕ್ಕೆ, ಜಾನ್ ಮೊಲ್ಲೊ ಜೊತೆ. ಭಾರತಕ್ಕೆ ಬಂದ ಮೊದಲ ಆಸ್ಕರ್ ಅದು. ಬ್ಯಾರಿಸ್ಟರನ ಸೂಟಿನಿಂದ ತುಂಡು ಖಾದಿಯವರೆಗೆ ಒಬ್ಬ ಮನುಷ್ಯ ಬದಲಾದದ್ದನ್ನು ಬಟ್ಟೆಯಲ್ಲೇ ಹೇಳಿದ ಚಿತ್ರ. ಭಾನು 2020ರಲ್ಲಿ ತೀರಿಕೊಂಡರು. ತಮ್ಮ ನಂತರ ಆ ಪ್ರತಿಮೆ ಏನಾದೀತೋ ಅನ್ನುವ ಚಿಂತೆಗೆ 2012ರಲ್ಲೇ ಅದನ್ನು ಆಸ್ಕರ್ ಅಕಾಡೆಮಿಗೆ ವಾಪಸ್ ಕೊಟ್ಟಿದ್ದರು. ಕನ್ನಡದವರೇನು ಕಮ್ಮಿ? ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ ಪ್ರೇಮಾ ಕಾರಂತರು ‘ಹಂಸಗೀತೆ’ಗೆ ಉಡುಪು ಮಾಡಿದರು, ಮುಂದೆ ‘ಫಣಿಯಮ್ಮ’ ನಿರ್ದೇಶಿಸಿದರು. ‘ತಾಯಿ ಸಾಹೇಬ’ದ ಸೀರೆ, ಕೋಟುಗಳಿಗಾಗಿ ವೈಶಾಲಿ ಕಾಸರವಳ್ಳಿ ರಾಷ್ಟ್ರಪ್ರಶಸ್ತಿ ತಂದರು. ಇಬ್ಬರೂ ರಂಗಭೂಮಿಯಲ್ಲಿ ಪಳಗಿದವರೇ, ಗಮನಿಸಿ.

ಹುಡುಗಿಗೂ ಇದನ್ನೇ ಹೇಳಿದೆ. ಹೆಗ್ಗೋಡಿನ ನೀನಾಸಂ ಇದೆ, ಫ್ಯಾಷನ್ ಕಾಲೇಜುಗಳಿವೆ, ಯಾವುದೂ ಆಗದಿದ್ದರೆ ನಿಮ್ಮೂರ ಹವ್ಯಾಸಿ ತಂಡವಾದರೂ ಇದ್ದೀತು. “ಮೊದಲು ಒಂದು ಕೆಲಸ ಮಾಡು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಒಂದು ದಿನ ಕೂತ್ಕೋ. ಇಪ್ಪತ್ತು ಜನರ ಬಟ್ಟೆ ಬರ್ಕೊಂಡು ಬಾ.” ಸಾಗಹಾಕಿದೆ ಅಂತಲೇ ಅಂದುಕೊಂಡೆ, ಸುಳ್ಳೇಕೆ?

ಮೂರನೇ ದಿನ ನೋಟ್‌ಬುಕ್ಕಿನೊಂದಿಗೆ ಹಾಜರ್! ಹತ್ತೊಂಬತ್ತು ಜನರದ್ದು ಸಾಧಾರಣ. ಹನ್ನೊಂದನೆಯವನು ಒಬ್ಬ ಕಂಡಕ್ಟರ್. ಅವಳು ಬರೆದಿದ್ದಳು: ‘ಖಾಕಿ ಅಂಗಿ. ಎಡ ಭುಜ ಹೊಸದರ ಹಾಗಿದೆ. ಚೀಲದ ಪಟ್ಟಿ ಬೀಳುವ ಬಲ ಭುಜ ಸವೆದು ಬಿಳಿಚಿದೆ. ಒಳಗಿಂದ ತೇಪೆ, ಕೈಹೊಲಿಗೆ, ಬೇರೆ ಬಣ್ಣದ ದಾರ. ಮನೆಯಲ್ಲಿ ಯಾರೋ ಹಾಕಿದ್ದು.’

ಎರಡು ಸಲ ಓದಿದೆ.

ಈಗ ನನ್ನ ಜೊತೆ ಒಂದು ನಾಟಕಕ್ಕೆ ಕೆಲಸ ಮಾಡುತ್ತಿದ್ದಾಳೆ. ನನಗೆ ಬರುವುದರಲ್ಲೇ ಅವಳಿಗೊಂದು ಪಾಲು; ದೊಡ್ಡ ಮೊತ್ತವೇನಲ್ಲ, ಊಟಕ್ಕೂ ಬಸ್ಸಿಗೂ ಆಗುತ್ತದೆ. ಅಪ್ಪ ಕೊಟ್ಟ ವರ್ಷದಲ್ಲಿ ಇನ್ನು ಹನ್ನೊಂದು ತಿಂಗಳು ಬಾಕಿ. ಮೊನ್ನೆ ಪ್ರಾಕ್ಟೀಸು ಮುಗಿದ ಮೇಲೆ ನಟನೊಬ್ಬನ ಕೆಸರು ಪಂಚೆ ಎತ್ತಿಕೊಂಡು ನಲ್ಲಿ ಕಡೆ ಹೊರಟಿದ್ದಳು.

ಓಡಿಹೋಗಿ ಕಿತ್ತುಕೊಂಡೆ!